ಮೊದಲು ಫಿಲ್ಮ್ ಆರಿಸಿ, ಆಮೇಲೆ ಯಂತ್ರ: ಹರಾಜಿನಲ್ಲಿ ಹಳೆಯ ಪ್ರೊಜೆಕ್ಟರ್, ಕ್ಯಾಮೆರಾ ಕೊಳ್ಳುವವರಿಗೆ

ನಾನು ಹರಾಜಿನಲ್ಲಿ ಕೊಂಡ ಮೊದಲ ಪ್ರೊಜೆಕ್ಟರಿಗೆ ಬೂದು ಬಣ್ಣ, ಚರ್ಮದ ಹಿಡಿ, ಅದರದ್ದೇ ಆದ ಮರದ ಪೆಟ್ಟಿಗೆ. ವಿವರದಲ್ಲಿ ‘8 ಎಂಎಂ, ಕೆಲಸ ಮಾಡುತ್ತದೆ’ ಎಂದು ಬರೆದಿತ್ತು. ಬರೆದದ್ದು ನಿಜವೇ. ಆದರೆ ನಾನು ಅಷ್ಟರಲ್ಲೇ ಕೊಂಡಿಟ್ಟಿದ್ದ ರೀಲುಗಳೆಲ್ಲ ಸೂಪರ್ 8. ಪ್ರೊಜೆಕ್ಟರ್ ಮಾತ್ರ ಅದಕ್ಕಿಂತ ಹಳೆಯ ಸ್ಟಾಂಡರ್ಡ್ 8. ಎರಡರ ಅಗಲವೂ ಒಂದೇ, ಅಂಚಿನ ತೂತು ಬೇರೆ. ಒಂದರ ಫಿಲ್ಮ್ ಇನ್ನೊಂದರಲ್ಲಿ ಓಡುವುದಿಲ್ಲ. ಬಲವಂತ ಮಾಡಿದರೆ ತೂತುಗಳು ಹರಿದುಹೋಗುತ್ತವೆ. ಒಂದು ಕಡೆ ಚೆಂದದ ಯಂತ್ರ, ಇನ್ನೊಂದು ಕಡೆ ಯಾರದ್ದೋ ಮನೆಯ ಹಳೆಯ ಚಿತ್ರಗಳು. ಅವೆರಡನ್ನೂ ಸೇರಿಸುವ ದಾರಿ ಮಾತ್ರ ನನ್ನ ಬಳಿ ಇರಲಿಲ್ಲ.

ಆವತ್ತಿನಿಂದ ಯಾರು ಕೇಳಿದರೂ ನಾನು ಮೊದಲು ಹೇಳುವ ಮಾತು ಇದು. ಯಂತ್ರ ನೋಡಿ ಮನಸೋಲಬೇಡಿ, ಅದು ಯಾವ ಫಿಲ್ಮ್ ತಿನ್ನುತ್ತದೆ ಎಂದು ಮೊದಲು ನೋಡಿ. ಫಿಲ್ಮ್ ಯಾವುದು ಅಂತ ತೀರ್ಮಾನವಾದರೆ ಕ್ಯಾಮೆರಾ ಯಾವುದು, ಪ್ರೊಜೆಕ್ಟರ್ ಯಾವುದು, ಯಾವ ಹರಾಜಿಗೆ ಹೋಗಬೇಕು ಅನ್ನುವುದೆಲ್ಲ ಅದರ ಹಿಂದೆಯೇ ಬರುತ್ತದೆ.

ಯಾವ ಫಿಲ್ಮ್?

ಹರಾಜಿನಲ್ಲಿ ಜಾಸ್ತಿ ಸಿಗುವುದು ಐದು ಬಗೆ: ಸ್ಟಾಂಡರ್ಡ್ 8, ಸೂಪರ್ 8, 9.5 ಎಂಎಂ, 16 ಎಂಎಂ, 35 ಎಂಎಂ.

ಸ್ಟಾಂಡರ್ಡ್ 8 ಅನ್ನು ಕೊಡಾಕ್ 1932ರಲ್ಲಿ ತಂದಿತು. ಅದರ ಹಿಂದಿನ ಯೋಚನೆ ಸರಳವಾಗಿತ್ತು. 16 ಎಂಎಂ ಅಗಲದ ಫಿಲ್ಮನ್ನೇ ಕ್ಯಾಮೆರಾಕ್ಕೆ ಹಾಕಿ, ಒಂದು ಬದಿಯಲ್ಲಿ ಚಿತ್ರ ತೆಗೆದು, ಸುರುಳಿ ತಿರುಗಿಸಿ, ಇನ್ನೊಂದು ಬದಿಯಲ್ಲೂ ತೆಗೆಯುವುದು. ಸಂಸ್ಕರಿಸಿದ ಮೇಲೆ ಲ್ಯಾಬಿನವರು ಅದನ್ನು ಉದ್ದಕ್ಕೆ ಸೀಳಿ ಜೋಡಿಸುತ್ತಿದ್ದರು. 25 ಅಡಿ ಫಿಲ್ಮ್ 50 ಅಡಿಯಾಗುತ್ತಿತ್ತು. ಈ ಬಗೆಯ ಕ್ಯಾಮೆರಾಗಳು ಗಟ್ಟಿಮುಟ್ಟು. ಹೆಚ್ಚಿನವು ಕೀಲಿ ಕೊಟ್ಟು ಓಡಿಸುವಂಥವು. ಹರಾಜಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಹೊಸ ಫಿಲ್ಮ್ ಮಾಡುವವರು ಇಂದಿಗೂ ಇದ್ದಾರೆ, ಕಡಿಮೆ ಅಷ್ಟೆ.

ಸೂಪರ್ 8 ಬಂದದ್ದು 1965ರಲ್ಲಿ. ತೂತು ಚಿಕ್ಕದಾಯಿತು, ಹಾಗಾಗಿ ಚಿತ್ರಕ್ಕೆ ಸುಮಾರು ಅರ್ಧದಷ್ಟು ಹೆಚ್ಚು ಜಾಗ ಸಿಕ್ಕಿತು. ಫಿಲ್ಮನ್ನು ಮಬ್ಬು ಬೆಳಕಿನಲ್ಲಿ ತಡವರಿಸಿ ಪೋಣಿಸುವ ಕಷ್ಟವೂ ತಪ್ಪಿತು. ಪ್ಲಾಸ್ಟಿಕ್ ಕಾರ್ಟ್ರಿಜ್ ತೂರಿಸಿ ಬಾಗಿಲು ಮುಚ್ಚಿದರೆ ಆಯಿತು. ಒಂದು ಕಾರ್ಟ್ರಿಜ್‌ನಲ್ಲಿ 50 ಅಡಿ. ಸೆಕೆಂಡಿಗೆ 18 ಚಿತ್ರದಂತೆ 3 ನಿಮಿಷ 20 ಸೆಕೆಂಡ್ ಓಡುತ್ತದೆ. ಕೊಡಾಕ್ ಈಗಲೂ ಇದನ್ನು ತಯಾರಿಸುತ್ತದೆ. ಹಳೆಯ ಕ್ಯಾಮೆರಾದಲ್ಲಿ ಹೊಸ ಚಿತ್ರ ತೆಗೆಯುವ ಆಸೆ ಇದ್ದವರಿಗೆ ಇದೇ ಸುಲಭದ ಬಾಗಿಲು. ಒಂದು ಎಚ್ಚರ: ಅದೇ ವರ್ಷ ಫ್ಯೂಜಿ ತಂದ ಸಿಂಗಲ್-8ರ ಕಾರ್ಟ್ರಿಜ್ ಬೇರೆ ಆಕಾರದ್ದು. ಅದರ ಕ್ಯಾಮೆರಾಕ್ಕೆ ಸೂಪರ್ 8 ಕಾರ್ಟ್ರಿಜ್ ಕೂರುವುದಿಲ್ಲ. ಆದರೆ ತೆಗೆದು ಮುಗಿಸಿದ ಸಿಂಗಲ್-8 ಚಿತ್ರ ಸೂಪರ್ 8 ಪ್ರೊಜೆಕ್ಟರಿನಲ್ಲಿ ಆರಾಮಾಗಿ ಓಡುತ್ತದೆ.

ಫೋಟೋ ನೋಡಿ ಎರಡು 8 ಎಂಎಂಗಳನ್ನು ಬೇರೆ ಮಾಡುವುದು ಹೇಗೆ? ರೀಲಿನ ನಡುವಿನ ತೂತು ನೋಡಿ. ಸ್ಟಾಂಡರ್ಡ್ 8ರದ್ದು ಚಿಕ್ಕದು, ಸೂಪರ್ 8ರದ್ದು ಸುಮಾರು ಅರ್ಧ ಇಂಚು. ಪ್ರೊಜೆಕ್ಟರಿನ ತೋಳಿನ ತುದಿಯ ಕಂಬಿಯೂ ಹಾಗೆಯೇ, ಒಂದು ಸಪೂರ, ಇನ್ನೊಂದು ದಪ್ಪ. ಎರಡನ್ನೂ ಓಡಿಸುವ ಪ್ರೊಜೆಕ್ಟರುಗಳು ಬೇಕಾದಷ್ಟಿವೆ. ಅವುಗಳಲ್ಲಿ ಬದಲಾಯಿಸುವ ಗುಂಡಿ ಅಥವಾ ಬಿಚ್ಚಿ ಹಾಕುವ ಭಾಗ ಇರುತ್ತದೆ. ಬಿಚ್ಚುವ ಭಾಗ ಕಳೆದುಹೋಗಿದೆಯೇ ಅಂತ ಕೇಳಿಯೇ ಸವಾಲು ಹಾಕಿ.

9.5 ಎಂಎಂ ಬಗ್ಗೆ ನನಗೆ ವಿಶೇಷ ಪ್ರೀತಿ. ಫ್ರಾನ್ಸಿನ ಪಾಥೆ ಕಂಪನಿ 1922ರ ಕೊನೆಗೆ ‘ಪಾಥೆ ಬೇಬಿ’ ಎಂಬ ಪುಟ್ಟ ಪ್ರೊಜೆಕ್ಟರ್ ತಂದಿತು. ಈ ಫಿಲ್ಮಿಗೆ ಅಂಚಿನಲ್ಲಿ ತೂತೇ ಇಲ್ಲ, ಎರಡು ಚಿತ್ರಗಳ ನಡುವೆ ಮಧ್ಯದಲ್ಲಿ ಒಂದೇ ತೂತು. ಹಾಗಾಗಿ ಚಿತ್ರ ಹೆಚ್ಚುಕಡಿಮೆ ಫಿಲ್ಮಿನ ಪೂರ್ತಿ ಅಗಲ ತುಂಬುತ್ತದೆ. ಇನ್ನೊಂದು ಜಾಣತನ ಹೇಳಲೇಬೇಕು. ಮೂಕಿ ಚಿತ್ರದಲ್ಲಿ ಮಾತನ್ನು ಬರೆದು ತೋರಿಸುವ ಫಲಕ ಬರುವ ಕಡೆ ಫಿಲ್ಮಿನ ಅಂಚಿಗೆ ಸಣ್ಣ ಕಚ್ಚು ಮಾಡಿರುತ್ತಾರೆ. ಆ ಕಚ್ಚು ತಾಗಿದ ಕೂಡಲೇ ಪ್ರೊಜೆಕ್ಟರ್ ಆ ಒಂದೇ ಚಿತ್ರವನ್ನು ಕೆಲವು ಸೆಕೆಂಡು ಹಿಡಿದು ನಿಲ್ಲಿಸುತ್ತದೆ. ಹಿಡಿಕೆ ತಿರುಗುತ್ತಲೇ ಇರುತ್ತದೆ, ಫಲಕ ಮಾತ್ರ ಪರದೆಯ ಮೇಲೆ ನಿಂತಿರುತ್ತದೆ! ಅಷ್ಟು ಫಿಲ್ಮ್ ಉಳಿಯಿತಲ್ವಾ? ಮೊದಲ ಸಲ ಅದನ್ನು ಕಣ್ಣಾರೆ ನೋಡಿದಾಗ ನಾನು ಮತ್ತೆ ಮತ್ತೆ ಅದೇ ತುಂಡನ್ನು ಓಡಿಸಿದೆ. ಆದರೆ ಹೊಸ 9.5 ಫಿಲ್ಮ್ ಅಂಗಡಿಯಲ್ಲಿ ಸಿಗುವುದಿಲ್ಲ. ಹವ್ಯಾಸಿಗಳು ದೊಡ್ಡ ಫಿಲ್ಮ್ ಕತ್ತರಿಸಿ ಮಾಡಿಕೊಳ್ಳುತ್ತಾರೆ. ಆದ್ದರಿಂದ ಈ ಬಗೆಯಲ್ಲಿ ಕ್ಯಾಮೆರಾಕ್ಕಿಂತ ಪ್ರೊಜೆಕ್ಟರ್ ಕೊಳ್ಳುವುದು ಮೇಲು. ಹಳೆಯ ರೀಲುಗಳ ಜೊತೆಗೇ ಸಿಕ್ಕರೆ ಇನ್ನೂ ಒಳ್ಳೆಯದು.

16 ಎಂಎಂ 1923ರದ್ದು, ಇದೂ ಕೊಡಾಕಿನದೇ. ಮೊದಲು ಮನೆಯವರಿಗೆಂದು ಬಂದದ್ದು, ಆಮೇಲೆ ಶಾಲೆ, ಸುದ್ದಿ, ಸಾಕ್ಷ್ಯಚಿತ್ರ, ಟೆಲಿವಿಷನ್ ಎಲ್ಲ ಕಡೆ ಹಬ್ಬಿತು. ಹೊಸ ಫಿಲ್ಮ್ ಸಿಗುತ್ತದೆ, ಲ್ಯಾಬ್ ಇದೆ, ಹಳೆಯ ಪ್ರಿಂಟುಗಳು ಹರಾಜಿಗೆ ಬರುತ್ತಲೇ ಇರುತ್ತವೆ. ಒಂದು ಯಂತ್ರವನ್ನು ಬರೀ ನೋಡದೆ ಬಳಸುತ್ತಾ ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು 16 ಎಂಎಂ. ಚಿತ್ರ ದೊಡ್ಡದು, ಭಾಗಗಳು ದೊಡ್ಡವು, ರಿಪೇರಿ ಬಲ್ಲವರು ಇನ್ನೂ ಇದ್ದಾರೆ. ಖರ್ಚು ಜಾಸ್ತಿ, ಅದು ನಿಜ.

35 ಎಂಎಂ ಅಂದರೆ ಚಿತ್ರಮಂದಿರದ ಲೋಕ. ಡಿಜಿಟಲ್ ಬಂದ ಮೇಲೆ ಎಷ್ಟೋ ಚಿತ್ರಮಂದಿರಗಳು ತಮ್ಮ ಪ್ರೊಜೆಕ್ಟರುಗಳನ್ನು ಗುಜರಿಗೆ ಹಾಕಿದವು. ಉಳಿದವು ಹರಾಜಿಗೆ ಬರುತ್ತವೆ, ಕೆಲವು ಸಲ ನಂಬಲಾಗದಷ್ಟು ಕಡಿಮೆಗೆ. ಅದರ ಕಾರಣ ತೂಕ. ಪೀಠ, ದೀಪ ಕೂರುವ ಪೆಟ್ಟಿಗೆ (ಲ್ಯಾಂಪ್‌ಹೌಸ್) ಸೇರಿದರೆ ನೂರಾರು ಕಿಲೋ. ಕೂಗು ನಿಲ್ಲುವ ಬೆಲೆಗಿಂತ ಸಾಗಣೆಯ ಬೆಲೆ ಹೆಚ್ಚಾಗಬಹುದು. ಇಡಲು ನೆಲ ಗಟ್ಟಿಯಿರುವ ಜಾಗ ಬೇಕು. ಅದಿದ್ದವರು ದಯವಿಟ್ಟು ಕೊಳ್ಳಿ. ಒಂದು ಪ್ರೊಜೆಕ್ಟರ್ ಗುಜರಿಗೆ ಹೋಗುವುದು ತಪ್ಪಿದರೆ ಅದೇ ದೊಡ್ಡ ಕೆಲಸ.

35 ಎಂಎಂನಲ್ಲಿ ಒಂದು ಅಪಾಯವಿದೆ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1950ರ ದಶಕದ ಮೊದಲ ವರ್ಷಗಳವರೆಗೆ 35 ಎಂಎಂ ಫಿಲ್ಮನ್ನು ನೈಟ್ರೇಟ್ ಎಂಬ, ಸುಲಭವಾಗಿ ಹೊತ್ತಿಕೊಳ್ಳುವ ವಸ್ತುವಿನ ಮೇಲೆ ಮಾಡುತ್ತಿದ್ದರು. ಅದು ಬೆಂಕಿ ಹಿಡಿದರೆ ಆರಿಸಲಾಗದು. ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಹೊರಬಿಡುತ್ತದೆ, ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತಲೇ ಇರುತ್ತದೆ. ಮನೆಬಳಕೆಗೆಂದೇ ಬಂದ 8, 9.5, 16 ಎಂಎಂ ಫಿಲ್ಮುಗಳಿಗೆ ಈ ಭಯವಿಲ್ಲ, ಅವು ಮೊದಲಿಂದಲೂ ಹಾಗೆ ಹೊತ್ತಿಕೊಳ್ಳದ ಸೇಫ್ಟಿ ಫಿಲ್ಮ್. ಆದರೆ ಹಳೆಯ 35 ಎಂಎಂ ಪ್ರೊಜೆಕ್ಟರಿನ ಜೊತೆ ಡಬ್ಬಿಗಳು ಬಂದರೆ ಅಂಚಿನಲ್ಲಿ ‘ನೈಟ್ರೇಟ್’ ಎಂದಿದೆಯೋ ‘ಸೇಫ್ಟಿ’ ಎಂದಿದೆಯೋ ನೋಡಿ. ತಗಡಿನ ಆಟಿಕೆ ಪ್ರೊಜೆಕ್ಟರುಗಳ ಜೊತೆ ಬರುವ ಸಣ್ಣ ಉಂಗುರದಂಥ ಫಿಲ್ಮ್ ತುಂಡುಗಳೂ 35 ಎಂಎಂ ಆಗಿರಬಹುದು. ಅನುಮಾನ ಬಂದರೆ ಓಡಿಸಬೇಡಿ, ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಅಂಚೆಯಲ್ಲಿ ತರಿಸಬೇಡಿ. ಫಿಲ್ಮ್ ಆರ್ಕೈವ್‌ನವರನ್ನು ಕೇಳಿ.

ಕ್ಯಾಮೆರಾವೋ, ಪ್ರೊಜೆಕ್ಟರೋ?

ಎರಡೂ ಕಪಾಟಿನಲ್ಲಿ ಚೆಂದ ಕಾಣುತ್ತವೆ. ವ್ಯತ್ಯಾಸ ಶುರುವಾಗುವುದು ಆಮೇಲೆ.

ಕ್ಯಾಮೆರಾ ಚಿಕ್ಕದು, ಸಾಗಿಸಲು ಸುಲಭ, ಕೆಟ್ಟಿದ್ದರೂ ನೋಡಲು ಸೊಗಸು. ಆದರೆ ಪ್ರತಿ ಸಲ ಬಳಸುವಾಗಲೂ ಖರ್ಚು: ಹೊಸ ಫಿಲ್ಮ್, ಸಂಸ್ಕರಣೆ, ಸ್ಕ್ಯಾನ್. ಪ್ರೊಜೆಕ್ಟರ್ ಭಾರ, ವಿದ್ಯುತ್ತಿನ ತಾಪತ್ರಯ, ಬೆಲ್ಟು, ಬಲ್ಬು. ಒಮ್ಮೆ ಸರಿಯಾದರೆ ಮಾತ್ರ ಅದು ಖರ್ಚಿಲ್ಲದೆ ಕೊಡುತ್ತಲೇ ಇರುತ್ತದೆ. ಹತ್ತು ಜನ ಒಟ್ಟಿಗೆ ಕೂತು ನೋಡುವ ಸುಖ ಕ್ಯಾಮೆರಾದಲ್ಲಿ ಇಲ್ಲ. ಕತ್ತಲೆ ಕೋಣೆ, ಟಕಟಕ ಸದ್ದು, ಬಿಸಿ ಎಣ್ಣೆಯ ವಾಸನೆ, ಗೋಡೆಯ ಮೇಲೆ ಯಾರದ್ದೋ ಮಗು ನಡೆಯಲು ಕಲಿಯುತ್ತಿರುವ ಚಿತ್ರ. ನನಗೆ ಕೇಳಿದರೆ ಮೊದಲು ಪ್ರೊಜೆಕ್ಟರ್. ಮನೆಯಲ್ಲಿ ಈಗಾಗಲೇ ಹಳೆಯ ರೀಲುಗಳಿದ್ದರೆ ಎರಡನೇ ಯೋಚನೆಯೇ ಬೇಡ. ರೀಲೂ ಇಲ್ಲ, ಯಂತ್ರವೂ ಇಲ್ಲ ಅನ್ನುವವರು ಮಾತ್ರ ಸಿಕ್ಕ ಸಿಕ್ಕ ರೀಲು ಕೊಳ್ಳಲು ಹೋಗಬೇಡಿ, ಅದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಕ್ಯಾಮೆರಾ: ಹಿಡಿಕೆ, ಕೀಲಿ, ಬ್ಯಾಟರಿ

ಕೈಯಿಂದ ಹಿಡಿಕೆ ತಿರುಗಿಸುವ ಕ್ಯಾಮೆರಾಗಳು ಮೂಕಿ ಕಾಲದವು. ಪ್ಯಾರಿಸ್ಸಿನ ದೆಬ್ರಿ ಕಂಪನಿಯ ಪಾರ್ವೊ 1908ರಲ್ಲಿ ಶುರುವಾದದ್ದು. ನೋಡಲು ಬರೀ ಒಂದು ಮರದ ಪೆಟ್ಟಿಗೆ. ಒಳಗೆ 120 ಮೀಟರ್ ಫಿಲ್ಮ್ ಹಿಡಿಸುವ ಡಬ್ಬಿಗಳು ಅಕ್ಕಪಕ್ಕ ಕೂರುತ್ತವೆ. ಸೆಕೆಂಡಿಗೆ ಎರಡು ಸುತ್ತು, ಒಂದು ಸುತ್ತಿಗೆ 8 ಚಿತ್ರ. ಅಲ್ಲಿಗೆ ಸೆಕೆಂಡಿಗೆ 16. ಅಮೆರಿಕದ ಬೆಲ್ ಅಂಡ್ ಹೊವೆಲ್ 2709 ಇನ್ನೊಂದು ದಾರಿ ಹಿಡಿಯಿತು. ಮೈಯೆಲ್ಲ ಲೋಹ, ಫಿಲ್ಮ್ ಡಬ್ಬಿ ನೆತ್ತಿಯ ಮೇಲೆ, ಪ್ರತಿ ಚಿತ್ರವನ್ನೂ ಕದಲದಂತೆ ಹಿಡಿಯುವ ಪಿನ್ನುಗಳು. ಆ ನಿಖರತೆಯಿಂದಾಗಿ ಮೂಕಿ ಕಾಲ ಮುಗಿದು ದಶಕಗಳಾದರೂ ಅನಿಮೇಷನ್ ಮತ್ತು ಟ್ರಿಕ್ ಕೆಲಸಕ್ಕೆ ಅದನ್ನು ಬಳಸಿದರು. ಅದಕ್ಕೇ ಎಷ್ಟೋ 2709ಗಳು ಹರಾಜಿಗೆ ಬರುವಾಗ ಮೂಲ ರೂಪದಲ್ಲಿ ಇರುವುದಿಲ್ಲ. ಮೋಟರ್ ಸೇರಿಸಿರುತ್ತಾರೆ, ಲೆನ್ಸ್ ತಿರುಗಿಸುವ ತಟ್ಟೆ ತೆಗೆದಿರುತ್ತಾರೆ. ಬೆಲೆಯಲ್ಲಿ ಇದು ದೊಡ್ಡ ವ್ಯತ್ಯಾಸ ಮಾಡುತ್ತದೆ. ನನ್ನ ಮಟ್ಟಿಗೆ ಆ ಬದಲಾವಣೆಗಳೂ ಅದರ ಬಾಳಿನ ಗುರುತುಗಳೇ. ಆದರೆ ಮೂಲ ರೂಪದ ಬೆಲೆ ಕೊಟ್ಟು ಬದಲಾದದ್ದನ್ನು ತರಬೇಡಿ.

ಈ ಗುಂಪಿನಲ್ಲಿ ನಕಲಿಯ ಕಾಟ ಜಾಸ್ತಿ. ಹಿತ್ತಾಳೆ ಫಳಫಳ ಹೊಳೆಯುವ, ಮರದ ಮುಕ್ಕಾಲಿಯ ಮೇಲೆ ನಿಂತ ‘ಪುರಾತನ’ ಸಿನಿಮಾ ಕ್ಯಾಮೆರಾಗಳಲ್ಲಿ ಎಷ್ಟೋ ಬರೀ ಅಲಂಕಾರಕ್ಕೆ ಮಾಡಿದವು. ಒಳಗಿನ ಚಿತ್ರ ಕೇಳಿ. ಫಿಲ್ಮ್ ಹಾದುಹೋಗುವ ಗೇಟ್, ಎಳೆಯುವ ಉಗುರು, ಹಲ್ಲುಚಕ್ರ ಇಲ್ಲದಿದ್ದರೆ ಅದು ಕ್ಯಾಮೆರಾ ಅಲ್ಲ. ಫೋಟೋ ಕ್ಯಾಮೆರಾಗಳಲ್ಲೂ ಇದೇ ಪಾಡು. ಸೋವಿಯತ್ ಕಾಲದ ಫೆಡ್, ಜೋರ್ಕಿ ಕ್ಯಾಮೆರಾಗಳಿಗೆ ಚಿನ್ನದ ಬಣ್ಣ ಬಳಿದು, ಜರ್ಮನಿಯ ದುಬಾರಿ ಕ್ಯಾಮೆರಾ ‘ಲೈಕಾ’ದ ಹೆಸರು ಕೆತ್ತಿ ಮಾರುತ್ತಾರೆ.

ಬಳಸಬೇಕು ಅನ್ನುವವರಿಗೆ ಕೀಲಿ ಕೊಡುವ ಕ್ಯಾಮೆರಾದಷ್ಟು ನಂಬಿಕಸ್ತ ಬೇರೆ ಇಲ್ಲ. ಬ್ಯಾಟರಿ ಬೇಡ, ಎಲೆಕ್ಟ್ರಾನಿಕ್ಸ್ ಇಲ್ಲ. ಸ್ವಿಟ್ಜರ್ಲೆಂಡಿನ ಪೈಯಾರ್ ಕಂಪನಿಯ ಬೋಲೆಕ್ಸ್ ಎಚ್16 1935ರಿಂದ ಇದೆ. ಪೂರ್ತಿ ಕೀಲಿ ಕೊಟ್ಟರೆ ಸೆಕೆಂಡಿಗೆ 24 ಚಿತ್ರದಂತೆ ಸುಮಾರು 28 ಸೆಕೆಂಡು ಓಡುತ್ತದೆ. ಸೀರಿಯಲ್ ನಂಬರಿನಿಂದ ಯಾವ ಕಾಲದ್ದು ಅಂತ ತಿಳಿಯಬಹುದು. ಹಳೆಯ ಎಚ್16ಗಳ ಹಲ್ಲುಚಕ್ರಕ್ಕೆ ಎರಡೂ ಬದಿ ಹಲ್ಲು ಇರುತ್ತದೆ. ಈಗ ಸಾಮಾನ್ಯವಾಗಿ ಸಿಗುವ 16 ಎಂಎಂ ಫಿಲ್ಮಿಗೆ ಒಂದೇ ಬದಿ ತೂತು. ಅಂಥ ಕ್ಯಾಮೆರಾಕ್ಕೆ ಇದನ್ನು ಹಾಕಿದರೆ ತೂತಿಲ್ಲದ ಅಂಚು ಹರಿಯುತ್ತದೆ. ಬಾಗಿಲು ತೆರೆದು ತೆಗೆದ ಒಂದು ಫೋಟೋ ಕೇಳಿದರೆ ಇದು ಗೊತ್ತಾಗಿಬಿಡುತ್ತದೆ. 1956ರಿಂದ ಬಂದ ರಿಫ್ಲೆಕ್ಸ್ ಮಾದರಿಯಲ್ಲಿ ಲೆನ್ಸಿನ ಮೂಲಕವೇ ನೋಡಬಹುದು. ಆದರೆ ಒಳಗಿನ ಪ್ರಿಸಂನಿಂದಾಗಿ 50 ಎಂಎಂಗಿಂತ ಕಡಿಮೆ ಫೋಕಲ್ ಲೆಂತ್‌ನ ಲೆನ್ಸುಗಳು ‘ಆರ್‌ಎಕ್ಸ್’ ಗುರುತಿನವೇ ಆಗಿರಬೇಕು. ಒಳ್ಳೆಯ ಆರ್‌ಎಕ್ಸ್ ಲೆನ್ಸುಗಳ ಜೊತೆ ಬಂದ ಬೋಲೆಕ್ಸಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಒಂದು ಬಗೆಯನ್ನು ಮಾತ್ರ ಬಳಕೆಗೆಂದು ಕೊಳ್ಳಬೇಡಿ. 1936ರಿಂದ ಬಂದ ಮ್ಯಾಗಜೀನ್ ಸಿನೆ-ಕೊಡಾಕಿನಂಥ ಕ್ಯಾಮೆರಾಗಳು ಫಿಲ್ಮ್ ತುಂಬಿದ ಲೋಹದ ಡಬ್ಬಿಯಿಂದ ನಡೆಯುತ್ತವೆ. ಆ ಡಬ್ಬಿಗಳನ್ನು ಈಗ ಯಾರೂ ತುಂಬಿ ಮಾರುವುದಿಲ್ಲ. ಕೈಗೆ ಎಷ್ಟು ಚೆನ್ನಾಗಿ ಕೂರುತ್ತದೆ ಅಂದರೆ ಬಿಡಲು ಮನಸ್ಸಾಗುವುದಿಲ್ಲ. ನನ್ನ ಮೇಜಿನ ಮೇಲೂ ಒಂದಿದೆ, ನೋಡುವುದಕ್ಕೆ ಮಾತ್ರ.

ಬ್ಯಾಟರಿಯ ಕ್ಯಾಮೆರಾ ಅಂದರೆ ಹೆಚ್ಚಾಗಿ ಸೂಪರ್ 8. ಇಲ್ಲಿ ನೋಡಬೇಕಾದ್ದು ಬ್ಯಾಟರಿ ಕೋಣೆಯ ಹಸಿರು ಕಿಲುಬು. ಮೇಲಿಂದ ಒರೆಸಿದರೆ ಸಾಲದು, ತಂತಿಯೊಳಗೆ ಇಳಿದಿರುತ್ತದೆ. ಬೆಳಕು ಅಳೆಯುವ ಮೀಟರಿಗೆ ಕೆಲವು ಕ್ಯಾಮೆರಾಗಳಲ್ಲಿ 1.35 ವೋಲ್ಟಿನ ಪಾದರಸದ ಗುಂಡಿ ಬ್ಯಾಟರಿ ಬೇಕಿತ್ತು. ಅದು ಈಗ ಸಿಗುವುದಿಲ್ಲ, ಬದಲಿ ಹುಡುಕಬೇಕು. ಅಗ್ಗದ ಮಾದರಿಗಳು ಕಾರ್ಟ್ರಿಜ್‌ನ ಕಚ್ಚು ನೋಡಿ 40 ಮತ್ತು 160 ವೇಗದ (ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಅನ್ನುವ ಅಳತೆ) ಫಿಲ್ಮ್ ಮಾತ್ರ ಗುರುತಿಸುತ್ತವೆ, ಈಗ ಹೆಚ್ಚಾಗಿ ಬರುವುದು 50, 200, 500. ಆದ್ದರಿಂದ ಬೆಳಕನ್ನು ಕೈಯಿಂದ ಹೊಂದಿಸಲು ಬರುವ ಕ್ಯಾಮೆರಾ ಆರಿಸಿ. ಬೊಲ್ಯೂ ಕ್ಯಾಮೆರಾಗಳ ಲೆನ್ಸ್ ಬಿಚ್ಚಿ ಬೇರೆ ಹಾಕಬಹುದು, ಚಿತ್ರವೂ ಬಲು ಚೆನ್ನ. ಆದರೆ ಅವುಗಳ ರೀಚಾರ್ಜ್ ಬ್ಯಾಟರಿ ಸತ್ತಿರುತ್ತದೆ ಅಂತಲೇ ಲೆಕ್ಕ ಹಾಕಿ. ಸಾಮಾನ್ಯ ಡಬಲ್ ಎ ಸೆಲ್ಲಿನಲ್ಲಿ ಓಡುವ ನಿಕಾನ್ ಆರ್10ನಂಥದ್ದು ಹೊಸಬರಿಗೆ ನೆಮ್ಮದಿ.

ಲೆನ್ಸಿನೊಳಗೆ ಜೇಡರ ಬಲೆಯಂತೆ ಬೂಷ್ಟು ಹಬ್ಬಿದೆಯೇ ಅಂತ ಟಾರ್ಚ್ ಹಿಡಿದು ನೋಡಬೇಕು. ಆನ್‌ಲೈನ್ ಆದರೆ ಟಾರ್ಚ್ ಹಿಡಿದ ಫೋಟೋ ಕೇಳಬೇಕು. ಒಳಗೆ ಹಳೆಯ ಫಿಲ್ಮ್ ಉಳಿದಿದ್ದರೆ ಬಾಗಿಲು ತೆರೆಯಬೇಡಿ ಅಂತ ಮಾರುವವರಿಗೆ ಮೊದಲೇ ಹೇಳಿ. ಅದು ಕೊಡಾಕ್‌ನ ಹಳೆಯ ಬಣ್ಣದ ಫಿಲ್ಮ್ ಕೊಡಾಕ್ರೋಮ್ ಆದರೆ, ಬಣ್ಣದಲ್ಲಿ ಸಂಸ್ಕರಿಸುವ ಕೊನೆಯ ಲ್ಯಾಬ್ 2010ರ ಕೊನೆಗೇ ನಿಲ್ಲಿಸಿತು. ಕಪ್ಪುಬಿಳುಪಿನಲ್ಲಿ ಏನಾದರೂ ಉಳಿದಿರಬಹುದು.

ಪ್ರೊಜೆಕ್ಟರ್ ಆರಿಸುವಾಗ

‘ಮೋಟರ್ ತಿರುಗುತ್ತದೆ, ಬಲ್ಬು ಉರಿಯುತ್ತದೆ’ ಅನ್ನುವ ಸಾಲು ಹರಾಜಿನ ಪಟ್ಟಿಯಲ್ಲಿ ಸದಾ ಕಾಣುತ್ತದೆ. ಫಿಲ್ಮ್ ಓಡುತ್ತದೆ ಅಂತ ಅದರ ಅರ್ಥವಲ್ಲ. ನಾನು ಕೊಂಡ ಒಂದು 16 ಎಂಎಂ ಯಂತ್ರದಲ್ಲಿ ಎರಡೂ ಸರಿಯಿದ್ದವು. ಒಳಗಿನ ರಬ್ಬರ್ ಬೆಲ್ಟುಗಳು ಮಾತ್ರ ಕರಗಿ ಡಾಂಬರಿನಂತಾಗಿದ್ದವು. ಅದನ್ನು ಹಲ್ಲುಹಲ್ಲಿನ ಸಂದಿಯಿಂದ ಕಡ್ಡಿಗೆ ಹತ್ತಿ ಸುತ್ತಿ ತೆಗೆಯಲು ನಾಲ್ಕು ಸಂಜೆ ಬೇಕಾಯಿತು. ಬೆಲ್ಟಿನ ಸಮಸ್ಯೆ ಹೊಲಸು, ಆದರೆ ಸರಿಯಾಗುತ್ತದೆ. ಪ್ಲಾಸ್ಟಿಕ್ ಗೇರ್ ಸೀಳಿದ್ದರೆ ಕಷ್ಟ. ಬೆಲ್ ಅಂಡ್ ಹೊವೆಲ್ಲಿನ ಟಿಕ್ಯೂ ಸಾಲಿನ 16 ಎಂಎಂ ಪ್ರೊಜೆಕ್ಟರುಗಳಲ್ಲಿ ಸ್ಕ್ರೂವಿನಂಥ ಒಂದು ಪ್ಲಾಸ್ಟಿಕ್ ಗೇರ್ (ವರ್ಮ್ ಗೇರ್) ಕಾಲಕ್ರಮೇಣ ಗಡುಸಾಗಿ ಬಿರುಕು ಬಿಡುವುದು ಸಂಗ್ರಾಹಕರೆಲ್ಲರಿಗೂ ಗೊತ್ತು. ಬದಲಾಯಿಸಿದ್ದಾರೆಯೇ ಎಂಬ ಒಂದೇ ಪ್ರಶ್ನೆಗೆ ಸಿಗುವ ಉತ್ತರದ ಮೇಲೆ ಬೆಲೆ ನಿಲ್ಲುತ್ತದೆ.

ಆಮೇಲೆ ಬಲ್ಬು. ಹಳೆಯ ಕಾಲದ 750 ಅಥವಾ 1,000 ವ್ಯಾಟಿನ ದೊಡ್ಡ ಗಾಜಿನ ಬಲ್ಬುಗಳು ಈಗ ಅಪರೂಪ. ಒಂದು ಬಲ್ಬಿನ ಬೆಲೆ ಯಂತ್ರದ ಬೆಲೆಯನ್ನೇ ಮೀರಬಹುದು. 12 ವೋಲ್ಟ್ 100 ವ್ಯಾಟ್ ಅಥವಾ 24 ವೋಲ್ಟ್ 250 ವ್ಯಾಟಿನ ಹ್ಯಾಲೊಜೆನ್ ಬಲ್ಬಿನ ಯಂತ್ರ ಸಿಕ್ಕರೆ ಅದನ್ನೇ ಆರಿಸಿ. ಅವು ಹೊಸದಾಗಿಯೇ ಸಿಗುತ್ತವೆ. ನೋಡಲು ಸ್ವಲ್ಪ ಸಾದಾ ಅನಿಸಬಹುದು. ಆದರೆ ಓಡಿಸುವವರಿಗೆ ಇದೇ ಸರಿ.

ಬೇರೆ ದೇಶದಿಂದ ತರಿಸುವಾಗ ವೋಲ್ಟೇಜಿನ ಬಗ್ಗೆ ಎಲ್ಲರೂ ಯೋಚಿಸುತ್ತಾರೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ಅದು ಮುಗಿಯಿತು. ಮರೆಯುವುದು ಹರ್ಟ್ಸ್ ಅನ್ನು. ವಿದ್ಯುತ್ತಿನ ಹರ್ಟ್ಸ್‌ಗೆ ಕಟ್ಟಿಕೊಂಡು ತಿರುಗುವ ಮೋಟರ್ 60 ಹರ್ಟ್ಸ್‌ಗೆ ಮಾಡಿದ್ದಾದರೆ 50 ಹರ್ಟ್ಸ್‌ನಲ್ಲಿ ನಿಧಾನವಾಗುತ್ತದೆ. ಸೆಕೆಂಡಿಗೆ 24 ಇದ್ದದ್ದು 20 ಆಗುತ್ತದೆ. ಮೂಕಿ ಚಿತ್ರಕ್ಕೆ ಪರವಾಗಿಲ್ಲ. ಮಾತಿನ ಚಿತ್ರದಲ್ಲಿ ಎಲ್ಲರ ಧ್ವನಿಯೂ ಎಳೆದಂತೆ ಕೇಳುತ್ತದೆ.

ಧ್ವನಿ ಬೇಕೋ ಬೇಡವೋ? 16 ಎಂಎಂ ಪ್ರಿಂಟುಗಳಲ್ಲಿ ಹೆಚ್ಚಿನವಕ್ಕೆ ಅಂಚಿನಲ್ಲಿ ಬೆಳಕಿನಿಂದ ಓದುವ ಧ್ವನಿಪಟ್ಟಿ ಇರುತ್ತದೆ, ಹಾಗಾಗಿ ಧ್ವನಿಯ ಪ್ರೊಜೆಕ್ಟರ್ ಬೇಕು. ಬರೀ ಮನೆಯ 8 ಎಂಎಂ ಚಿತ್ರ ನೋಡುವವರಿಗೆ ಬೇಡ. ಧ್ವನಿಯಿಲ್ಲದ ಯಂತ್ರ ಸರಳ, ಕೆಡುವುದೂ ಕಡಿಮೆ. ಆಸ್ಟ್ರಿಯಾದ ಯೂಮಿಗ್ ಪಿ8 ಅದಕ್ಕೆ ಒಳ್ಳೆಯ ಉದಾಹರಣೆ. ಪುಟ್ಟದು, ಗಟ್ಟಿ, ಕಡಿಮೆ ವೋಲ್ಟಿನ ಬಲ್ಬು.

ಚಿತ್ರಮಂದಿರದ 35 ಎಂಎಂ ಯಂತ್ರಗಳಿಗೆ ಬೇರೆಯದೇ ಎಚ್ಚರ ಬೇಕು. ಆರ್ಕ್ ದೀಪದ ಹಳೆಯ ಲ್ಯಾಂಪ್‌ಹೌಸ್‌ಗಳ ತಂತಿಗೆ ಆಸ್ಬೆಸ್ಟಾಸ್ ಹೊದಿಕೆ ಇರುತ್ತದೆ, ಕೈಯಿಂದ ಕೆರೆಯಬೇಡಿ. ಕ್ಸೆನಾನ್ ದೀಪ ಆರಿ ತಣ್ಣಗಿದ್ದಾಗಲೂ ಒಳಗೆ ಹೆಚ್ಚಿನ ಒತ್ತಡ ಇರುತ್ತದೆ, ಸಿಡಿದರೆ ಗಾಜು ಚೂರಾಗಿ ಹಾರುತ್ತದೆ. ಮುಖಕ್ಕೆ ರಕ್ಷಣೆ, ದಪ್ಪ ಕೈಗವಸು ಇಲ್ಲದೆ ಮುಟ್ಟಬೇಡಿ. ಸಾಗಿಸುವ ಮೊದಲು ಬಲ್ಲವರಿಂದ ಬಿಚ್ಚಿಸಿ. ಇದೆಲ್ಲ ದಾಟಿದ ಮೇಲೆ ಚಕ್ರವನ್ನು ಕೈಯಿಂದ ನಿಧಾನ ತಿರುಗಿಸಿ ನೋಡಿ. ಶಿಲುಬೆಯಾಕಾರದ ಚಕ್ರ, ‘ಮಾಲ್ಟೀಸ್ ಕ್ರಾಸ್’, ಫಿಲ್ಮನ್ನು ಒಂದೊಂದೇ ಚಿತ್ರದಷ್ಟು ಎಳೆದು ನಿಲ್ಲಿಸುವುದು ಬೆರಳಿಗೇ ತಿಳಿಯುತ್ತದೆ.

ಯಾವ ಹರಾಜು?

ಕ್ಯಾಮೆರಾಗಳಿಗೆಂದೇ ನಡೆಯುವ ವಿಶೇಷ ಹರಾಜು, ಎಲ್ಲ ಸಾಮಾನಿನ ಜೊತೆ ನಡೆಯುವ ಸಾಮಾನ್ಯ ಹರಾಜು, ಆನ್‌ಲೈನ್ ಹರಾಜು, ಶಾಲೆ ಅಥವಾ ಸಂಸ್ಥೆಗಳು ಹಳೆಯದನ್ನು ವಿಲೇವಾರಿ ಮಾಡುವ ಹರಾಜು. ವಿಶೇಷ ಹರಾಜಿನಲ್ಲಿ ವಿವರ ಬರೆಯುವವರಿಗೆ ವಿಷಯ ಗೊತ್ತಿರುತ್ತದೆ, ಸ್ಥಿತಿಯ ವರದಿ ಕೇಳಿದರೆ ಕೊಡುತ್ತಾರೆ. ಬೆಲೆ ಜಾಸ್ತಿ. ಅಪರೂಪದ ಕ್ಯಾಮೆರಾ, ನಕಲಿಯ ಭಯ ಇರುವ ವಸ್ತು ಅಲ್ಲೇ ಕೊಳ್ಳಬೇಕು. ಸಾಮಾನ್ಯ ಹರಾಜಿನಲ್ಲಿ ‘ಹಳೆಯ ಸಿನಿಮಾ ಸಾಮಾನು, ಒಂದು ಪೆಟ್ಟಿಗೆ’ ಅಂತಷ್ಟೇ ಬರೆದಿರುತ್ತಾರೆ. ಹಿಂದಿನ ದಿನ ಹೋಗಿ ನೋಡುವ ಅವಕಾಶ ಇದ್ದರೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಚಕ್ರ ತಿರುಗಿಸಿ, ಡಬ್ಬಿ ತೆರೆದು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ (ಸೇಫ್ಟಿ ಫಿಲ್ಮಿನ ಒಂದು ಬಗೆ) ಹಾಳಾಗಲು ಶುರುವಾಗಿದೆ, ಪಕ್ಕದ ರೀಲುಗಳನ್ನೂ ಅದು ಕೆಡಿಸುತ್ತದೆ.

ಸಂಸ್ಥೆಗಳ ಹರಾಜು ನನಗೆ ಇಷ್ಟ. ಶಾಲೆಯಿಂದ ಬಂದ 16 ಎಂಎಂ ಪ್ರೊಜೆಕ್ಟರ್ ಹೊರಗೆ ಗೀಚು ಬಿದ್ದಿರಬಹುದು, ಆದರೆ ಕಾಲಕಾಲಕ್ಕೆ ಎಣ್ಣೆ ಕಂಡಿರುತ್ತದೆ. ಆನ್‌ಲೈನ್‌ನಲ್ಲಿ ಆಯ್ಕೆ ಹೆಚ್ಚು, ಕೈಯಿಂದ ಮುಟ್ಟುವ ಭಾಗ್ಯವಿಲ್ಲ. ಅಲ್ಲಿ ನಾನು ಕೇಳುವುದು ಒಂದೇ: ಫಿಲ್ಮ್ ಹಾಕಿ ಒಂದು ನಿಮಿಷ ಓಡಿಸಿದ ವಿಡಿಯೊ. ಕೊಡಲಾಗದಿದ್ದರೆ ಓಡುವುದಿಲ್ಲ ಅಂತಲೇ ತಿಳಿದು ಬೆಲೆ ಕಟ್ಟುತ್ತೇನೆ. ‘ಪರೀಕ್ಷಿಸಿಲ್ಲ’ ಅಂತ ಬರೆದದ್ದಕ್ಕೂ ಅದೇ ಲೆಕ್ಕ.

ಕೂಗಿದ ಬೆಲೆಯೇ ಕೊಡುವ ಬೆಲೆ ಅಲ್ಲ ಅನ್ನುವುದು ಹೊಸಬರಿಗೆ ತಡವಾಗಿ ಗೊತ್ತಾಗುತ್ತದೆ. ಹರಾಜು ಸಂಸ್ಥೆ ಕೊಳ್ಳುವವರಿಂದ ಕಮಿಷನ್ ತೆಗೆದುಕೊಳ್ಳುತ್ತದೆ, 20ರಿಂದ 25 ಶೇಕಡಾ ಸಾಮಾನ್ಯ. 2022ರಲ್ಲಿ ಜರ್ಮನಿಯ ವೆಟ್ಸ್‌ಲರ್‌ನಲ್ಲಿ ಲೈಕಾ ಕ್ಯಾಮೆರಾ ರೂಪಿಸಿದ ಆಸ್ಕರ್ ಬಾರ್ನಾಕ್ ತಾನೇ ಬಳಸಿದ್ದ 105ನೇ ನಂಬರಿನ ಲೈಕಾ ಹರಾಜಾಯಿತು. ಸುತ್ತಿಗೆ ಬಿದ್ದದ್ದು 12 ಮಿಲಿಯನ್ ಯೂರೋಗೆ, ಕೊಂಡವರು ಕೊಟ್ಟದ್ದು 14.4 ಮಿಲಿಯನ್. ಸಣ್ಣ ಪ್ರೊಜೆಕ್ಟರಿಗೂ ಇದೇ ಗಣಿತ. ನಿಮ್ಮ ಕೈಯಲ್ಲಿ ಒಟ್ಟು 100 ಇದೆ ಅನ್ನಿ. ಸಾಗಣೆ, ಬೆಲ್ಟು, ಬಲ್ಬಿಗೆ 30 ತೆಗೆದಿಡಿ. ಉಳಿದ 70ರಲ್ಲಿ ಶೇಕಡಾ 25 ಕಮಿಷನ್ ಸೇರಬೇಕು. ಅಂದರೆ ನೀವು ಕೂಗಬಹುದಾದದ್ದು 56. ತೆರಿಗೆ ಇದ್ದರೆ ಇನ್ನೂ ಕಡಿಮೆ. ಆ ಅಂಕಿಯನ್ನು ಮನೆಯಲ್ಲೇ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹರಾಜಿನ ಬಿಸಿಯಲ್ಲಿ ಕೈ ತಾನಾಗಿ ಮೇಲೇಳುತ್ತದೆ, ಚೀಟಿ ಅದನ್ನು ಹಿಡಿದು ನಿಲ್ಲಿಸುತ್ತದೆ.

ಒಂದು ಕೋರಿಕೆ. ಯಂತ್ರದ ಜೊತೆ ಯಾರದ್ದೋ ಮನೆಯ ರೀಲುಗಳು ಬಂದರೆ ಎಸೆಯಬೇಡಿ. ಅವುಗಳಿಗೆ ಎರಡನೇ ಪ್ರತಿ ಇರುವುದಿಲ್ಲ. ಡಬ್ಬಿಯ ಮೇಲೆ ಬರೆದ ಹೆಸರು, ವರ್ಷ ಅಳಿಸಬೇಡಿ, ಯಂತ್ರದ ಜೊತೆಯಲ್ಲೇ ಇಡಿ. ಮಾರುವವರಿಗೆ ಆ ಕುಟುಂಬ ಗೊತ್ತಿದ್ದರೆ, ಬೇಕಾ ಅಂತ ಒಮ್ಮೆ ಕೇಳಿಸಿ. ಎರಡು ಸಲ ಹಾಗೆ ರೀಲು ವಾಪಸ್ ಹೋದದ್ದನ್ನು ನಾನು ನೋಡಿದ್ದೇನೆ.

ಮನೆಗೆ ಬಂದ ದಿನ

ಪೆಟ್ಟಿಗೆ ಬಿಚ್ಚಿದ ತಕ್ಷಣ ಪ್ಲಗ್ ಚುಚ್ಚಬೇಡಿ. ಎಷ್ಟು ಆಸೆಯಾಗುತ್ತದೆ ಅಂತ ನನಗೆ ಗೊತ್ತು. ಮೊದಲು ವೈರ್ ನೋಡಿ, ರಬ್ಬರ್ ಹೊದಿಕೆ ಪುಡಿಯಾಗಿದ್ದರೆ ಬದಲಾಯಿಸಿ. ಲೋಹದ ಮೈಯ ಹಳೆಯ ಯಂತ್ರಕ್ಕೆ ಅರ್ಥಿಂಗ್ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಮಾಡಿಸಿ. ಕೈಯಿಂದ ತಿರುಗಿಸುವ ಗುಂಡಿ ಇದ್ದರೆ ನಿಧಾನವಾಗಿ ತಿರುಗಿಸಿ. ಬಿಗಿಯಾಗಿದ್ದರೆ ಒತ್ತಾಯ ಬೇಡ, ಹಳೆಯ ಎಣ್ಣೆ ಗಟ್ಟಿಯಾಗಿರುತ್ತದೆ. ಬಿಚ್ಚಿ, ಒರೆಸಿ, ಹೊಸ ಎಣ್ಣೆ ಒಂದೊಂದೇ ಹನಿ ಹಾಕಿ. ಗೇಟನ್ನು ಮೆತ್ತಗಿನ ಬ್ರಷ್ಷಿನಿಂದ ಸ್ವಚ್ಛ ಮಾಡಿ. ಅಲ್ಲಿ ಅಂಟಿದ ಒಂದು ಚೂರು ಗಸಿ ಸಾಕು, ರೀಲಿನ ಉದ್ದಕ್ಕೂ ಗೆರೆ ಎಳೆಯುತ್ತದೆ.

ಮೊದಲು ಬಲ್ಬು ಹಚ್ಚದೆ ಮೋಟರ್ ಮಾತ್ರ ಐದು ನಿಮಿಷ ಓಡಿಸಿ. ಸದ್ದು ಒಂದೇ ಲಯದಲ್ಲಿ ಇದೆಯೇ, ಸುಟ್ಟ ವಾಸನೆ ಬರುತ್ತಿದೆಯೇ ಗಮನಿಸಿ. ಆಮೇಲೆ ಬಲ್ಬು. ಆಮೇಲೆ ಫಿಲ್ಮ್. ಆ ಫಿಲ್ಮ್ ಜೊತೆಯಲ್ಲಿ ಬಂದ ಮನೆಯ ರೀಲು ಆಗದಿರಲಿ, ರೀಲಿನ ತುದಿಗೆ ಅಂಟಿಸುವ, ಚಿತ್ರವಿಲ್ಲದ, ಯಾವುದಕ್ಕೂ ಬೇಡದ ಖಾಲಿ ಲೀಡರ್ ತುಂಡಾಗಿರಲಿ. ಅದನ್ನು ಹತ್ತು ಸಲ ಓಡಿಸಿ, ಪ್ರತಿ ಸಲವೂ ಬೆಳಕಿಗೆ ಹಿಡಿದು ತೂತುಗಳ ಅಂಚು ನೋಡಿ. ಹತ್ತನೇ ಸಲವೂ ತೂತುಗಳು ಮೊದಲಿನ ಹಾಗೇ ಇದ್ದರೆ, ಕೋಣೆಯ ದೀಪ ಆರಿಸಿ, ಮನೆಯವರನ್ನು ಕರೆದು ಆ ಡಬ್ಬಿ ತೆರೆಯಿರಿ.